ಹೊಂದದ ಸಾಲು

ಬೆಂಗಳೂರಿನಲ್ಲಿ ಫಿಲ್ಟರ್ ಎಂದರೆ ಮೊದಲು ನೆನಪಾಗುವುದು ಕಾಫಿ. ಮೇಲಿನ ಪಾತ್ರೆಯಲ್ಲಿ ಪುಡಿ, ಕೆಳಗಿನದರಲ್ಲಿ ಡಿಕಾಕ್ಷನ್. ಡಿಕಾಕ್ಷನ್ ಬಗ್ಗಿಸಿಕೊಂಡ ಮೇಲೆ ಚರಟ ಮೇಲೆಯೇ ಉಳಿದಿರುತ್ತದೆ. ಅದನ್ನು ಯಾರಾದರೂ ಕೈಯಾರೆ ತೆಗೆದು ಗುಲಾಬಿ ಗಿಡದ ಬುಡಕ್ಕೋ ಕಸದ ಬುಟ್ಟಿಗೋ ಹಾಕಬೇಕು. ಇಳಿದದ್ದು, ಉಳಿದದ್ದು ಎರಡೂ ಕಣ್ಣಿಗೆ ಕಾಣುತ್ತವೆ. ಈಗ ಕಚೇರಿಗಳಲ್ಲಿ ದಿನವಿಡೀ ಕಿವಿಗೆ ಬೀಳುವ ಫಿಲ್ಟರ್ ಬೇರೆ ಜಾತಿಯದು. ಅದರಲ್ಲಿ ಇಳಿದದ್ದು ಮಾತ್ರ ಕಾಣುತ್ತದೆ. ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳುವ ಅಭ್ಯಾಸ ನಮಗಿನ್ನೂ ಬಂದಿಲ್ಲ. ಹೀಗೆ ಕೇಳದೆ ಇರುವುದು ಬರೀ ಲೆಕ್ಕದ ವಿಷಯವೋ, ನೀತಿಯ ವಿಷಯವೂ ಹೌದೋ ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿದೆ.

ಈ ಹೊಸ ಫಿಲ್ಟರನ್ನು ನೋಡಿರದವರಿಗಾಗಿ ನಾಲ್ಕು ಮಾತು. ವ್ಯಾಪಾರದ ವರದಿ ಎಂದರೆ ಒಂದು ಕಾಲಕ್ಕೆ ಟೈಪ್ ಮಾಡಿದ ಎಂಟು ಹತ್ತು ಹಾಳೆ. ಈಗ ಅದು ಕಂಪ್ಯೂಟರ್ ಪರದೆಯ ಮೇಲಿನ ನಾಲ್ಕಾರು ಚಿತ್ರಗಳು. ಒಂದರಲ್ಲಿ ಬಡಾವಣೆವಾರು ಮಾರಾಟದ ಕಂಬಗಳು, ಪಕ್ಕದಲ್ಲಿ ತಿಂಗಳುವಾರು ಏರಿಳಿಯುವ ಗೆರೆ, ಕೆಳಗೆ ಬಾಕಿದಾರರ ಪಟ್ಟಿ. ರಾಜಾಜಿನಗರದ ಕಂಬದ ಮೇಲೆ ಒತ್ತಿದರೆ ಗೆರೆಯೂ ಪಟ್ಟಿಯೂ ಆ ಕ್ಷಣದಲ್ಲೇ ರಾಜಾಜಿನಗರದವಾಗುತ್ತವೆ. ಕೆಂಗೇರಿಯ ಮೇಲೆ ಒತ್ತಿದರೆ ಕೆಂಗೇರಿಯವು. ಎಕ್ಸೆಲ್‌ನಲ್ಲಿ 2010ರ ಹೊತ್ತಿಗೇ ಇದರ ಸಣ್ಣ ರೂಪವೊಂದು ಬಂದಿತ್ತು. 2015ರಲ್ಲಿ ಮೈಕ್ರೋಸಾಫ್ಟಿನ ಪವರ್ ಬಿಐ ಬಂದ ಮೇಲೆ ದೊಡ್ಡ ಕಂಪನಿಗಳ ಈ ಆಟ ಸಣ್ಣ ಸಗಟು ವ್ಯಾಪಾರಿಯ ಮೇಜಿಗೂ ಇಳಿಯಿತು. ಚಿತ್ರಗಳು ತಾವಾಗಿಯೇ ಒಂದಕ್ಕೊಂದು ಮಾತಾಡಿಕೊಳ್ಳುವುದಿಲ್ಲ. ಹಿಂದುಗಡೆ ಬೇರೆ ಬೇರೆ ಪಟ್ಟಿಗಳಿರುತ್ತವೆ: ಅಂಗಡಿಗಳದು ಒಂದು, ಬಿಲ್ಲುಗಳದು ಇನ್ನೊಂದು, ವಾಪಸು ಬಂದ ಮಾಲಿನದು ಮತ್ತೊಂದು. ಎಲ್ಲದರಲ್ಲೂ ಇರುವ ಒಂದು ಸಂಖ್ಯೆಯನ್ನು, ಅಂಗಡಿ ಸಂಖ್ಯೆ ಎನ್ನೋಣ, ಹಿಡಿದು ಪಟ್ಟಿಯಿಂದ ಪಟ್ಟಿಗೆ ಗಂಟು ಹಾಕಿರುತ್ತಾರೆ. ಗಂಟಿದ್ದ ಕಡೆ ಫಿಲ್ಟರ್ ಹರಿಯುತ್ತದೆ, ಇಲ್ಲದ ಕಡೆ ನಿಲ್ಲುತ್ತದೆ. ಯಾವ ಕಡೆಯಿಂದ ಯಾವ ಕಡೆಗೆ ಹರಿಯಬೇಕೆಂಬುದಕ್ಕೆ ಬಾಣದ ಗುರುತೂ ಇರುತ್ತದೆ. ಯಾವ ಚಿತ್ರ ಯಾವುದರ ಮಾತು ಕೇಳಬೇಕು, ಯಾವುದು ಕೇಳಬಾರದು ಎಂಬುದನ್ನೂ ವರದಿ ಮಾಡುವವನು ಗೊತ್ತುಮಾಡಬಹುದು. ನೋಡುವವನಿಗೆ ಇದೊಂದೂ ಕಾಣುವುದಿಲ್ಲ.

ಈ ಗಂಟು ತಪ್ಪುವುದು ಎರಡು ಬಗೆಯಲ್ಲಿ. ಒಂದು, ಗಂಟೇ ಇಲ್ಲದಿರುವುದು. ಆಗ ಎಲ್ಲ ಬಡಾವಣೆಯ ಎದುರಿಗೂ ಒಂದೇ ಮೊತ್ತ ಬಂದು ಕೂರುತ್ತದೆ: ವಿಜಯನಗರಕ್ಕೂ ಅಷ್ಟೇ, ಬಸವೇಶ್ವರನಗರಕ್ಕೂ ಅಷ್ಟೇ. ಮೂರನೇ ತರಗತಿಯ ಹುಡುಗನಿಗೂ ಇದು ತಪ್ಪು ಎಂದು ತಿಳಿಯುತ್ತದೆ, ಸರಿಮಾಡುತ್ತಾರೆ. ಎರಡನೆಯದು, ಗಂಟು ಇದ್ದು ಕೆಲವು ಸಾಲುಗಳು ಮಾತ್ರ ಅದಕ್ಕೆ ಸಿಕ್ಕದಿರುವುದು. ಬಿಲ್ಲಿನಲ್ಲಿರುವ ಅಂಗಡಿ ಸಂಖ್ಯೆ ಅಂಗಡಿಗಳ ಪಟ್ಟಿಯಲ್ಲಿ ಇಲ್ಲದಿದ್ದರೆ ಅಂಥವೆಲ್ಲ ‘ಬ್ಲ್ಯಾಂಕ್’ ಎಂಬ ಒಂದೇ ಹೆಸರಿನಡಿ ಗುಂಪಾಗುತ್ತವೆ. ಯಾವ ಬಡಾವಣೆಯನ್ನು ಒತ್ತಿದರೂ ಅವು ಮಾಯ. ಉಳಿದ ಚಿತ್ರಗಳು ನುಣ್ಣಗೆ, ಅಂದವಾಗಿ, ಒಂದಕ್ಕೊಂದು ತಾಳೆಯಾಗುತ್ತಲೇ ಇರುತ್ತವೆ. ಮೊದಲನೆಯ ತಪ್ಪು ಕೂಗಿಕೊಳ್ಳುತ್ತದೆ, ಎರಡನೆಯದಕ್ಕೆ ಬಾಯಿಲ್ಲ.

ಹಳೆಯ ಲೆಕ್ಕದ ಪುಸ್ತಕಗಳಲ್ಲೂ ಗಂಟುಗಳಿದ್ದವು. ಕಿರ್ದಿಯ ಪ್ರತಿ ಸಾಲಿನ ಎದುರಿಗೆ ಖಾತೆಯ ಪುಟಸಂಖ್ಯೆ ಬರೆಯುತ್ತಿದ್ದರಲ್ಲ, ಅದೇ ಗಂಟು. ತಾಳೆಪಟ್ಟಿ ಕೂಡದಿದ್ದರೆ ಗುಮಾಸ್ತ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮನೆಗೆ ಹೋಗುತ್ತಿದ್ದ. ಹೋದರೂ ಆ ಖಾತೆ ಪುಸ್ತಕದಲ್ಲೇ ಇರುತ್ತಿತ್ತು. ಆಡಿಟರ್ ಬಂದವನು ಮೊದಲು ಬೆರಳಿಡುತ್ತಿದ್ದುದೇ ಅದರ ಮೇಲೆ. ಆ ಗುಮಾಸ್ತರು ನಮಗಿಂತ ಸತ್ಯವಂತರು ಎಂದು ನಾನು ಹೇಳುವುದಿಲ್ಲ. ಅವರಲ್ಲೂ ಎಂಥೆಂಥವರಿದ್ದರು ಎಂದು ಬಲ್ಲೆ. ಆದರೆ ಹೊಂದದ ಮೊತ್ತವನ್ನು ಕಾಣದಂತೆ ಮಾಡಿದರೆ ತಾಳೆಪಟ್ಟಿ ಕೂಡುತ್ತಿರಲಿಲ್ಲ. ಪುಸ್ತಕದ ರಚನೆಯೇ ಅವರಿಂದ ಸತ್ಯ ಹೇಳಿಸುತ್ತಿತ್ತು.

ನಾನು ವಾರಕ್ಕೆರಡು ದಿನ ಲೆಕ್ಕ ನೋಡಲು ಹೋಗುವ ಒಂದು ಔಷಧ ಸಗಟು ವ್ಯಾಪಾರದ ಕಚೇರಿ ರಾಜಾಜಿನಗರದಲ್ಲಿದೆ. ಪಶ್ಚಿಮ ಬೆಂಗಳೂರಿನ ಮೆಡಿಕಲ್ ಶಾಪುಗಳಿಗೆ ಅಲ್ಲಿಂದ ಮಾಲು ಹೋಗುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅಲ್ಲಿ ಅಂಗಡಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟರು. ಅವಧಿ ಮುಗಿದ ಔಷಧಿ ವಾಪಸು ತೆಗೆದುಕೊಳ್ಳುವ ಕೌಂಟರಿನಲ್ಲಿ ಮಾತ್ರ ಬೇರೆ ಸಾಫ್ಟ್‌ವೇರ್ ಇತ್ತು. ಅಲ್ಲಿ ಕೆಲವು ಅಂಗಡಿಗಳ ಹಳೆಯ ಸಂಖ್ಯೆಯೇ ನಡೆದುಕೊಂಡು ಬಂತು. ಮಾಲು ವಾಪಸು ಬಂದರೆ ಅಂಗಡಿಗೆ ಕ್ರೆಡಿಟ್ ನೋಟ್ ಕೊಡಬೇಕು, ಅಷ್ಟು ಬಾಕಿ ಇಳಿಯಬೇಕು. ಕೆಲವು ವರ್ಷದ ಮೇಲೆ ಚಿತ್ರಗಳ ವರದಿ ಬಂತು. ಮಾಲೀಕರಿಗೆ ಅದು ಬಹಳ ಹಿಡಿಸಿತು. ಬೆಳಿಗ್ಗೆ ಬಂದು ದೇವರಿಗೆ ಊದುಬತ್ತಿ ಹಚ್ಚಿ, ಒಂದೊಂದೇ ಕಂಬ ಒತ್ತುತ್ತಾ ಕೂರುತ್ತಿದ್ದರು. ಒಂದು ದಿನ ಕೆಂಗೇರಿಯನ್ನು ಒತ್ತಿ, ಅರವತ್ತು ದಿನ ಮೀರಿದ ಬಾಕಿದಾರರಿಗೆ ಉದ್ದರಿ ನಿಲ್ಲಿಸಿ ಎಂದರು. ಪಟ್ಟಿಯಲ್ಲಿ ಮೊದಲ ಹೆಸರು ಕೆಂಗೇರಿ ಉಪನಗರದ ಒಂದು ಸಣ್ಣ ಅಂಗಡಿಯದು.

ಅಂಗಡಿಯವರು ವಯಸ್ಸಾದವರು. ಮೂರನೆಯ ದಿನ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕ್ರೆಡಿಟ್ ನೋಟುಗಳ ಕಾರ್ಬನ್ ಪ್ರತಿಗಳನ್ನು ತಂದು ಮೇಜಿನ ಮೇಲೆ ಇಟ್ಟರು. “ಇಪ್ಪತ್ತೆರಡು ವರ್ಷದಿಂದ ನಿಮ್ಮ ಹತ್ರಾನೇ ತಗೋತಾ ಇದೀನಿ. ಒಂದು ಮಾತು ಕೇಳ್ಬೋದಿತ್ತಲ್ಲಾ ಸ್ವಾಮಿ” ಎಂದಷ್ಟೇ ಹೇಳಿದರು. ಸಿಟ್ಟು ಮಾಡಲಿಲ್ಲ. ಸಕ್ಕರೆ ಕಾಯಿಲೆಯ ಇಬ್ಬರು ಗಿರಾಕಿಗಳಿಗೆ ಮೂರು ದಿನ ಇನ್ಸುಲಿನ್ ಕೊಡಲಾಗದೆ ಬೇರೆ ಅಂಗಡಿಗೆ ಕಳಿಸಿದ್ದರಂತೆ. ಕಾರ್ಬನ್ ಪ್ರತಿಗಳನ್ನೆಲ್ಲ ಕೂಡಿದಾಗ ಅವರ ಬಾಕಿ ಮುಕ್ಕಾಲು ಪಾಲು ಕರಗಿಹೋಯಿತು.

ವರದಿ ತಯಾರಿಸುವ ಹುಡುಗ ಬುದ್ಧಿವಂತ, ಸಭ್ಯ. ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ.

“ಸಾರ್, ಬ್ಲ್ಯಾಂಕ್ ಅಂತ ಒಂದು ಕಂಬ ಬರ್ತಿತ್ತು. ಓನರ್ ಇದೇನಯ್ಯಾ ಅಂದ್ರು. ನೋಡೋಕೆ ಚೆನ್ನಾಗಿಲ್ಲ ಅಂತ ಫಿಲ್ಟರ್ ಹಾಕಿ ತೆಗೆದೆ.”

“ಎಷ್ಟಿತ್ತಪ್ಪಾ ಅದರ ಮೊತ್ತ?”

“ಟೋಟಲ್‌ನಲ್ಲಿ ಎರಡು ಪರ್ಸೆಂಟೂ ಇಲ್ಲ ಸಾರ್.”

ಅವನ ಲೆಕ್ಕ ಸರಿ. ನೂರಕ್ಕೆ ಎರಡಕ್ಕಿಂತ ಕಡಮೆ. ಆದರೆ ಆ ಎರಡು ಎಲ್ಲ ಅಂಗಡಿಗಳ ಮೇಲೂ ಸಮನಾಗಿ ಹರಡಿರಲಿಲ್ಲ. ಕೌಂಟರಿನಲ್ಲಿ ಸಂಖ್ಯೆ ತಿದ್ದಿಸಿಕೊಳ್ಳಲು ಕಂಪ್ಯೂಟರ್ ಬಲ್ಲ ಮಗನನ್ನು ಕಳಿಸಿದ್ದ ದೊಡ್ಡ ಅಂಗಡಿಗಳು ಅದರಲ್ಲಿ ಇರಲಿಲ್ಲ. ಹಾಗೆ ಕಳಿಸಲಾಗದವರ ಮೇಲೆಯೇ ಅಷ್ಟೂ ಬಿದ್ದಿತ್ತು. ಹೊಂದದ ಸಾಲುಗಳು ಎಲ್ಲ ಕಡೆಯೂ ಹೀಗೆಯೇ ಎಂದು ನನಗೆ ತೋರುತ್ತದೆ. ಒಂದೇ ವಿಳಾಸದಲ್ಲಿ ನಲವತ್ತು ವರ್ಷ ಇರುವವನ ಹೆಸರು ಎಲ್ಲ ಪಟ್ಟಿಯಲ್ಲೂ ಒಂದೇ ಇರುತ್ತದೆ. ಮನೆ ಬದಲಿಸುತ್ತಾ ಬಾಡಿಗೆಗೆ ಇರುವವನದು, ಯಾರದೋ ಕೈಯಲ್ಲಿ ಅರ್ಜಿ ತುಂಬಿಸುವವನದು ಒಂದೊಂದು ಕಡೆ ಒಂದೊಂದು ಥರ. ಬಸವೇಶ್ವರನಗರವನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು ಎಂದು ಒಮ್ಮೆ ಆ ಕಚೇರಿಯ ಪಟ್ಟಿಯಲ್ಲೇ ಎಣಿಸಿ ಆರಕ್ಕೆ ನಿಲ್ಲಿಸಿದೆ. ಯಂತ್ರಕ್ಕೆ ಅವು ಆರು ಬೇರೆ ಬೇರೆ ಊರು.

ಇಲ್ಲಿ ತಪ್ಪು ಯಾರದು? ಕೌಂಟರಿನವರು ತಮ್ಮ ಪುಸ್ತಕವನ್ನು ಸರಿಯಾಗಿ ಬರೆದಿದ್ದರು. ಹುಡುಗ ಹಾಕಿದ ಗಂಟು ಸರಿಯಾಗಿತ್ತು. ಪರದೆಯ ಮೇಲಿನ ಯಾವ ಅಂಕಿಯೂ ಸುಳ್ಳಲ್ಲ. ಮಾಲೀಕರು ಕಂಡದ್ದನ್ನು ನಂಬಿದರು. ಸುಳ್ಳು ಹೇಳಿದವರು ಯಾರೂ ಇಲ್ಲದೆ ಒಬ್ಬ ಮನುಷ್ಯನ ಮೇಲೆ ಸುಳ್ಳು ಬಂದು ಬಿತ್ತು. ಕುರುಕ್ಷೇತ್ರದಲ್ಲಿ ಧರ್ಮರಾಯ ದ್ರೋಣನಿಗೆ ಹೇಳಿದ್ದೂ ಅಕ್ಷರಶಃ ಸುಳ್ಳಲ್ಲ. ಸತ್ತದ್ದು ಆನೆ ಎಂಬ ಒಂದು ಮಾತು ಸದ್ದಿನಲ್ಲಿ ಮುಳುಗಿತು, ಅಷ್ಟೇ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಕೆಳಗಿಳಿಯಿತು ಎನ್ನುತ್ತಾರೆ. ಶಂಖ ಊದಿದವರ ಬಗ್ಗೆ ಆ ಕಥೆ ಹೆಚ್ಚು ಕೇಳುವುದಿಲ್ಲ. ನಮ್ಮ ಕಾಲದ ಕಷ್ಟವೆಂದರೆ ಶಂಖ ಊದುವುದು ಈಗ ಒಂದು ಚೌಕದಲ್ಲಿ ಟಿಕ್ ಹಾಕುವಷ್ಟೇ ಸುಲಭ. ಹಾಕಿದವನಿಗೆ ತಾನು ಊದಿದೆ ಎಂಬುದೂ ತಿಳಿಯುವುದಿಲ್ಲ.

ಒಂದು ಅಂಗಡಿಯ ಬಾಕಿಗೆ ಇಷ್ಟು ಮಾತೇಕೆ ಎನ್ನಬಹುದು. ಅಂಥವರಿಗೆ 2021ರ ಏಪ್ರಿಲ್, ಮೇ ತಿಂಗಳುಗಳನ್ನು ನೆನಪಿಸುತ್ತೇನೆ. ಆಗ ಬೆಂಗಳೂರು ಒಂದೇ ಬಿಬಿಎಂಪಿ. 2025ರ ಸೆಪ್ಟೆಂಬರಿನಲ್ಲಿ ಅದು ಐದು ಪಾಲಿಕೆಗಳಾಯಿತು. ಬಿಬಿಎಂಪಿಯ ವಾರ್ ರೂಮಿನಿಂದ ದಿನವೂ ಕೋವಿಡ್ ವರದಿ ಬರುತ್ತಿತ್ತು: ವಲಯವಾರು, ವಯಸ್ಸುವಾರು ಚಿತ್ರಗಳು. ಎಂಟು ವಲಯಗಳು. ನಾವು ಪಶ್ಚಿಮ ಬೆಂಗಳೂರು ಎನ್ನುವುದರಲ್ಲಿ ರಾಜಾಜಿನಗರ ಪಶ್ಚಿಮ ವಲಯಕ್ಕೆ, ವಿಜಯನಗರ ದಕ್ಷಿಣ ವಲಯಕ್ಕೆ, ಕೆಂಗೇರಿ ರಾಜರಾಜೇಶ್ವರಿನಗರ ವಲಯಕ್ಕೆ ಸೇರಿದ್ದವು. ಆದ್ದರಿಂದ ‘ಪಶ್ಚಿಮ’ವನ್ನು ನೋಡಿ ವಿಜಯನಗರದವನು ಸಮಾಧಾನಪಟ್ಟುಕೊಂಡರೆ ಅದಕ್ಕೆ ಅರ್ಥವಿರಲಿಲ್ಲ. ಅದು ಸಣ್ಣ ವಿಷಯ. ದೊಡ್ಡದು ಬಿಯು ನಂಬರಿನದು. ಗಂಟಲ ದ್ರವ ತೆಗೆದಾಗ ಎಸ್‌ಆರ್‌ಎಫ್ ಎಂಬ ಒಂದು ಸಂಖ್ಯೆ. ಫಲಿತಾಂಶ ಐಸಿಎಂಆರ್ ಪೋರ್ಟಲಿಗೆ ಏರಿ, ಸೋಂಕು ಇದೆ ಎಂದು ಬಂದರೆ ಬಿಯು ಎಂಬ ಇನ್ನೊಂದು ಸಂಖ್ಯೆ. ಸರ್ಕಾರಿ ಕೋಟಾದ ಹಾಸಿಗೆ ಹಂಚುತ್ತಿದ್ದುದು ಆ ಸಂಖ್ಯೆಯ ಮೇಲೆ. ಪ್ರಯೋಗಾಲಯದ ಪಟ್ಟಿ, ರೋಗಿಗಳ ಪಟ್ಟಿ, ಹಾಸಿಗೆಗಳ ಪಟ್ಟಿ, ಮೂರಕ್ಕೂ ಅದೇ ಗಂಟು. ಪ್ರಯೋಗಾಲಯಗಳು ತುಂಬಿ ಫಲಿತಾಂಶಕ್ಕೆ ದಿನಗಟ್ಟಲೆ ಹಿಡಿಯತೊಡಗಿದಾಗ ಉಸಿರು ಸಾಲದ ಮನುಷ್ಯ ಇದ್ದ, ಅವನ ಸಂಖ್ಯೆ ಇರಲಿಲ್ಲ. ಆರ್‌ಟಿ-ಪಿಸಿಆರ್‌ನಲ್ಲಿ ಇಲ್ಲವೆಂದು ಬಂದು ಎದೆಯ ಸಿಟಿ ಸ್ಕ್ಯಾನಿನಲ್ಲಿ ಕಾಯಿಲೆ ಎದ್ದು ಕಾಣುತ್ತಿದ್ದವರೂ ಇದ್ದರು. ಅವರಿಗೆ ಸಂಖ್ಯೆ ಬರುವ ಹಾಗೆಯೇ ಇಲ್ಲ. ಬಿಯು ನಂಬರಿಗಾಗಿ ಕಾದವರ ಸುದ್ದಿ ಆ ದಿನಗಳ ಪತ್ರಿಕೆಗಳಲ್ಲೆಲ್ಲ ಇತ್ತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಂಖ್ಯೆಯಿಲ್ಲದೆ ಹಾಸಿಗೆ ಕೊಡಿ ಎಂದಿದ್ದರೆ ಏನಾಗುತ್ತಿತ್ತು? ಶಾಸಕರ ಫೋನು, ಪರಿಚಯದ ಡಾಕ್ಟರು, ನೋಟಿನ ಕಟ್ಟು. ಇವು ಯಾವುದೂ ಇಲ್ಲದ ಮನುಷ್ಯನಿಗೆ ಸಾಲಿನಲ್ಲಿ ಒಂದು ಜಾಗ ಸಿಕ್ಕಿದ್ದರೆ ಅದು ಆ ಸಂಖ್ಯೆಯಿಂದಲೇ. ಆದ್ದರಿಂದ ಗಂಟು ಹಾಕಿದವರನ್ನು ಬೈಯಲು ನನಗೆ ನಾಲಗೆ ಬರುವುದಿಲ್ಲ. ಎಲ್ಲರಿಗೂ ಒಂದೇ ನಿಯಮ ಎನ್ನುವ ನ್ಯಾಯ, ಎದುರಿಗಿರುವ ಮುಖವನ್ನು ನೋಡು ಎನ್ನುವ ನ್ಯಾಯ, ಇವೆರಡೂ ಇಲ್ಲಿ ಒಂದನ್ನೊಂದು ತಡೆದು ನಿಲ್ಲುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತೇನೆ ಎನ್ನುವವರು ಎರಡರ ಭಾರವನ್ನೂ ಅರಿತವರಲ್ಲ. ನಾನು ಕೇಳಿಕೊಳ್ಳುವುದು ಇಷ್ಟು: ಸಂಖ್ಯೆ ಬರದೆ ಕಾಯುತ್ತಿರುವವರು ಇಂತಿಷ್ಟು ಎಂಬ ಒಂದು ಕಂಬವೂ ದಿನದಿನದ ಆ ಚಿತ್ರಗಳ ನಡುವೆ ನಿಂತಿದ್ದರೆ, ನಿಯಮ ಮಾಡಿದವರ ಕಣ್ಣಿಗೆ ಅದು ಎಷ್ಟು ದಿನ ಮೊದಲೇ ಬೀಳುತ್ತಿತ್ತು? ಕೋವಿಡ್ ಆಸ್ಪತ್ರೆಗೆ ಸೇರಿಸಿಕೊಳ್ಳಲು ಸೋಂಕಿನ ವರದಿ ಕಡ್ಡಾಯವಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಹೊಸ ನೀತಿ ಹೊರಡಿಸಿದ್ದು 2021ರ ಮೇ 8ರಂದು. ಆ ಹೊತ್ತಿಗೆ ಸುಮನಹಳ್ಳಿ, ಕೆಂಗೇರಿಯ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದವು. ಅವು ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಿನಲ್ಲೇ ಸುಡುತ್ತಿದ್ದರು. ಚಿತಾಗಾರದ ರಿಜಿಸ್ಟರಿಗೂ ದಿನದ ವರದಿಗೂ ನಡುವೆ ಗಂಟಿರಲಿಲ್ಲ. ಎರಡರ ಅಂಕಿಯೂ ಬೇರೆ ಬೇರೆ ಎಂದು ಪತ್ರಿಕೆಗಳು ಬರೆದವು.

ಸತ್ತ ಮೇಲೂ ಆ ಗಂಟು ಬಿಡಲಿಲ್ಲ. ಪರಿಹಾರ ಕೊಡುವ ಮಾತು ಬಂದಾಗ ಯಾರ ಸಾವು ಕೋವಿಡ್ ಸಾವು ಎಂಬ ಪ್ರಶ್ನೆ ಎದ್ದಿತು. 2021ರ ಜೂನ್ 30ರಂದು ಸುಪ್ರೀಂ ಕೋರ್ಟ್, ಪರಿಹಾರಕ್ಕೆ ಮಾರ್ಗಸೂಚಿ ಮಾಡಿ, ಮರಣಪತ್ರದ ದಾರಿಯನ್ನು ಸರಳಗೊಳಿಸಿ ಎಂದಿತು. ಸೆಪ್ಟೆಂಬರಿನಲ್ಲಿ ಬಂದ ನಿಯಮದಂತೆ, ಪರೀಕ್ಷೆಯಾದ ದಿನದಿಂದ ಅಥವಾ ವೈದ್ಯರು ಲಕ್ಷಣ ನೋಡಿ ಕೋವಿಡ್ ಎಂದು ನಿರ್ಧರಿಸಿದ ದಿನದಿಂದ 30 ದಿನದೊಳಗೆ ತೀರಿಕೊಂಡರೆ ಅದು ಕೋವಿಡ್ ಸಾವು. ಮನೆಯವರಿಗೆ 50,000 ರೂಪಾಯಿ. ಒಪ್ಪದವರು ಜಿಲ್ಲಾ ಸಮಿತಿಯ ಮುಂದೆ ಕಾಗದ ಇಡಬಹುದು. ಹೊಂದದ ಸಾಲಿನವರು ಹೋಗಿ ಬಾಗಿಲು ತಟ್ಟಲು ಒಂದು ವಿಳಾಸವಾದರೂ ಆಯಿತು. ಕೆಂಗೇರಿಯ ಅಂಗಡಿಯವರ ಪ್ಲಾಸ್ಟಿಕ್ ಕವರಿನಂಥ ಕವರುಗಳು ಆಗ ಎಷ್ಟು ಮನೆಗಳ ಬೀರುವಿನಿಂದ ಹೊರಬಂದಿರಬೇಕೋ!

ಹೊಂದದ ಸಾಲನ್ನು ಏನು ಮಾಡಬೇಕು ಎಂಬುದಕ್ಕೆ ನಾನು ಬಲ್ಲ ಅತ್ಯುತ್ತಮ ಉದಾಹರಣೆ ಹಳೆಯದು, ದೂರದ್ದು. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ. ನಗರದ ದಕ್ಷಿಣ ಭಾಗದ ಒಂದೇ ಬೀದಿಯಲ್ಲಿ ಎರಡು ಕಂಪನಿಗಳ ನೀರಿನ ಕೊಳವೆ ಹೋಗುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲೇ ಥೇಮ್ಸ್ ನದಿಯ ಮೇಲ್ಭಾಗದಿಂದ ನೀರು ತೆಗೆಯಲು ತೊಡಗಿತ್ತು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿಯದು ಚರಂಡಿ ಬೆರೆತ ಕೆಳಭಾಗದ ನೀರು. ಜಾನ್ ಸ್ನೋ ಎಂಬ ವೈದ್ಯನಿಗೆ ಸತ್ತವರ ವಿಳಾಸಗಳ ಪಟ್ಟಿ ನೋಂದಣಿ ಕಚೇರಿಯಿಂದ ಸಿಕ್ಕಿತು. ಯಾವ ಮನೆಗೆ ಯಾವ ನೀರು ಎಂಬುದನ್ನು ಅದರ ಜೊತೆಗೆ ಗಂಟುಹಾಕಬೇಕು. ಅವನು ಮನೆ ಮನೆಗೆ ನಡೆದ. ಬಾಡಿಗೆಯವರಿಗೆ ನೀರಿನ ಕಂಪನಿಯ ಹೆಸರೇ ಗೊತ್ತಿರುತ್ತಿರಲಿಲ್ಲ. ಕಂದಾಯ ಕಟ್ಟುತ್ತಿದ್ದವನು ಮನೆಯೊಡೆಯ. ನಮ್ಮ ಹುಡುಗನಾಗಿದ್ದರೆ ಅವನ್ನೆಲ್ಲ ಬ್ಲ್ಯಾಂಕಿಗೆ ಹಾಕುತ್ತಿದ್ದ. ಸ್ನೋ ಒಂದು ಸೀಸೆಯಲ್ಲಿ ಆ ಮನೆಯ ನೀರು ತುಂಬಿಕೊಂಡು ಬರುತ್ತಿದ್ದ. ಕೆಳಭಾಗದ ನೀರಿನಲ್ಲಿ ಉಪ್ಪಿನಂಶ ಸುಮಾರು ನಲವತ್ತು ಪಟ್ಟು ಹೆಚ್ಚು; ಸಿಲ್ವರ್ ನೈಟ್ರೇಟ್ ಹಾಕಿದರೆ ಯಾವ ಕಂಪನಿಯ ನೀರೆಂದು ತಿಳಿಯುತ್ತಿತ್ತು. ಮೊದಲ ನಾಲ್ಕು ವಾರದ 334 ಸಾವುಗಳಲ್ಲಿ 286 ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿಯ ನೀರಿನ ಮನೆಗಳವು, 14 ಲ್ಯಾಂಬೆತ್‌ನವು. ಉಳಿದವು 34. ಅವನ್ನೂ ಅವನು ಬಿಡಲಿಲ್ಲ: ನದಿಯಿಂದಲೇ ನೀರು ಮೊಗೆದವರು 22, ಪಂಪಿನ ಬಾವಿಯವರು 4, ಹಳ್ಳದ ನೀರಿನವರು 4. ಕೊನೆಗೆ ಇನ್ನೂ 4. ಅವು ತಿಳಿದುಬಂದಿಲ್ಲ ಎಂದು ಬರೆದಿಟ್ಟ. ವಾದ ಗೆಲ್ಲಲು ಆ 4 ಬೇಕಿರಲಿಲ್ಲ. 286ರ ಎದುರಿಗೆ 14 ಸಾಕಿತ್ತು.

ಹಾಗಾದರೆ ಎಲ್ಲವನ್ನೂ ಎಲ್ಲದಕ್ಕೂ ಹೊಂದಿಸಿಬಿಡುವುದೇ ಧರ್ಮವೋ ಎಂದರೆ ಅದಕ್ಕೂ ತಲೆಯಾಡಿಸಲಾರೆ. ಗಂಟು ಬಿಗಿಯಾದಷ್ಟೂ ಮನುಷ್ಯ ಅದರೊಳಗೆ ಸಿಕ್ಕಿಬೀಳುತ್ತಾನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. 2018ರ ಸೆಪ್ಟೆಂಬರಿನ ತೀರ್ಪು ಬ್ಯಾಂಕ್ ಖಾತೆಗೂ ಮೊಬೈಲಿಗೂ ಆಧಾರ್ ಜೋಡಣೆ ಕಡ್ಡಾಯವಲ್ಲ ಎಂದಿತು. ಕೆಲವು ಪಟ್ಟಿಗಳು ಒಂದಕ್ಕೊಂದು ಅಪರಿಚಿತವಾಗಿ ಇರುವುದೇ ಒಳ್ಳೆಯದು. ಸ್ನೋ ಕೂಡ ನೀರು ಕೇಳಿದ, ಮನೆಯವರ ಸಂಬಳ ಕೇಳಲಿಲ್ಲ. ನಾನು ಹೇಳುತ್ತಿರುವುದು ಗಂಟು ಹಾಕಿ ಆದ ಮೇಲಿನ ಮಾತು: ಹಾಕಿದ ಮೇಲೆ ಅದಕ್ಕೆ ಸಿಕ್ಕದವರನ್ನು ಎಣಿಸಿ ಅದೇ ಪುಟದಲ್ಲಿ ತೋರಿಸುವುದು ಹಾಕಿದವನ ಸಾಲ. ಅದು ಉಪಕಾರವಲ್ಲ.

ಇದಕ್ಕೆ ಖರ್ಚಿದೆ. ನಮ್ಮ ಕಚೇರಿಯಲ್ಲಿ ಹೊಂದದ 61 ಸಾಲುಗಳ ಹಿಂದೆ ಹುಡುಗ ಎರಡು ದಿನ ಹಳೆಯ ಫೈಲುಗಳನ್ನು ತಿರುವಿ, ಅಂಗಡಿಗಳಿಗೆ ಫೋನು ಮಾಡಿ 58ಕ್ಕೆ ಮನೆ ಹುಡುಕಿಕೊಟ್ಟ. ಎರಡು ದಿನದ ಸಂಬಳ ಆ ಮೊತ್ತಕ್ಕೆ ದುಬಾರಿ ಎಂದು ಮಾಲೀಕರು ಗೊಣಗಿದರು. ಅವರ ದೃಷ್ಟಿಯಲ್ಲಿ ಅದೂ ಒಪ್ಪತಕ್ಕ ಮಾತೇ. ಉಳಿದ ಮೂರು ಸಾಲು ಈಗ ವರದಿಯ ಬುಡದಲ್ಲಿ ಇವೆ. ಯಾವ ಬಡಾವಣೆಯನ್ನು ಒತ್ತಿದರೂ ಅಲುಗದಂತೆ ಆ ಚೌಕಕ್ಕೆ ಫಿಲ್ಟರ್ ತಾಕದ ಹಾಗೆ ಮಾಡಿದ್ದಾನೆ. ಒಂದು, ಮಾಗಡಿ ರಸ್ತೆಯಲ್ಲಿದ್ದು ಮುಚ್ಚಿಹೋದ ಅಂಗಡಿಯದು. ಇನ್ನೆರಡು ಯಾರವೋ ಗೊತ್ತಿಲ್ಲ. ಎಲ್ಲ ಸೇರಿ 1,140 ರೂಪಾಯಿ. ವಜಾ ಹಾಕಿಬಿಡಿ ಎಂದರು ಮಾಲೀಕರು. ಇದು ನಾವು ಕೊಡಬೇಕಾದ ಹಣ. ವಜಾ ಹಾಕಿದರೆ ಅದು ಹೋಗಿ ಕೂರುವುದು ನಮ್ಮ ಲಾಭದ ಖಾತೆಯಲ್ಲಿ ಎಂದೆ. ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, ಮಾರ್ಚ್ ತನಕ ಇರಲಿ ಬಿಡಿ ಎಂದರು.